ದಾಳಿಂಬೆಯ ಮುಕುಟಕ್ಕೆ ಗಾಳಿಯ ಮದ್ದು

ತ್ಯಾವಣಿಗೆ ಸುತ್ತ ಭದ್ರಾ ನಾಲೆಯ ನೀರುಂಡ ಅಡಿಕೆ ಸಾಲಿನ ನಡುವೆ ಬಾಳೆ ಬರುತ್ತದೆ. ಜಗಳೂರಿನ ಒಣನೆಲಕ್ಕೆ ದಾಳಿಂಬೆ. ಎರಡರಲ್ಲೂ ಕೊಳೆ ಶುರುವಾಗುವ ಜಾಗ ಚಿಕ್ಕದು: ಬಾಳೆಯ ಚಿಪ್ಪನ್ನು ಗೊನೆಯಿಂದ ಬಿಡಿಸಿದಾಗ ಉಳಿದ ಹಸಿ ಗಾಯ, ದಾಳಿಂಬೆಯ ತುದಿಯ ಮುಕುಟ. ಆ ಮುಕುಟವನ್ನು ಬಿಡಿಸಿ ನೋಡಿ. ಒಣಗಿದ ಕೇಸರ, ಧೂಳು, ಸಂದಿಯಲ್ಲಿ ಬೂದು ಬಣ್ಣದ ಬೂಷ್ಟು. ತೊಳೆದರೆ ನೀರು ಅಲ್ಲೇ ನಿಂತು ಬೂಷ್ಟಿಗೇ ಅನುಕೂಲ. ನೀರು ಹೊಕ್ಕರೆ ಕೆಡುವ ಕಡೆ ಗಾಳಿಯೇ ಹೋಗಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಬೂಷ್ಟನ್ನು ಕೊಲ್ಲುವ ಓಜೋನ್ ಅಂಥ ಗಾಳಿ. ಹಣ್ಣು ತುಂಬಿ ಮುಚ್ಚಿದ ಪೊಟ್ಟಣದೊಳಗೆ ಶೇ. 21ರಷ್ಟು ಆಮ್ಲಜನಕ ಹೇಗೂ ಇರುತ್ತದೆ. ಪೊಟ್ಟಣವನ್ನು ಎರಡು ಲೋಹದ ತಟ್ಟೆಗಳ ನಡುವೆ ಇಟ್ಟು ಹತ್ತಾರು ಸಾವಿರ ವೋಲ್ಟ್ ಕೊಟ್ಟರೆ ಒಳಗಿನ ಗಾಳಿ ಪ್ಲಾಸ್ಮಾ ಆಗಿ, ಆಮ್ಲಜನಕ ಒಡೆದು ಓಜೋನ್ ಹುಟ್ಟುತ್ತದೆ. ಸಿಡಿಲು ಹೊಡೆದ ಮೇಲೆ ಮೂಗಿಗೆ ಬರುವ ಘಾಟು ಅದರದ್ದೇ. ಇಂಥ ವಿದ್ಯುತ್ ವಿಸರ್ಜನೆಯಿಂದ ಓಜೋನ್ ತಯಾರಿಸುವುದನ್ನು ಜರ್ಮನಿಯ ಎಂಜಿನಿಯರ್ ಸೀಮೆನ್ಸ್ 1857ರಲ್ಲೇ ತೋರಿಸಿದ್ದ. ಮುಚ್ಚಿದ ಪೊಟ್ಟಣದೊಳಗೇ ಹುಟ್ಟಿಸುವ ಕ್ರಮವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕೆವಿನ್ ಕೀನರ್ ಬೆಳೆಸಿದರು. ತಿನ್ನುವ ಹಣ್ಣಿಗೆ ವಿಷಗಾಳಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಆದರೆ ಇದು ಹಣ್ಣು ಮಾಗಿಸಲು ಹಾಕುವ ಕಾರ್ಬೈಡ್‌ನಂತಲ್ಲ. ಕೆಲವೇ ತಾಸಿನಲ್ಲಿ ಮತ್ತೆ ಆಮ್ಲಜನಕವಾಗುತ್ತದೆ. ಅಮೆರಿಕದ ಆಹಾರ ಇಲಾಖೆ 2001ರಲ್ಲೇ ಆಹಾರದ ಮೇಲೆ ಓಜೋನ್ ಬಳಕೆಗೆ ಒಪ್ಪಿದೆ. ನಿಜವಾದ ಅಪಾಯ ತಿನ್ನುವವರಿಗಿಂತ ಯಂತ್ರದ ಪಕ್ಕ ನಿಲ್ಲುವ ಕೂಲಿಯವರಿಗೆ: ಎಂಟು ತಾಸಿನ ಕೆಲಸಕ್ಕೆ ಗಾಳಿಯ ಹತ್ತು ಲಕ್ಷ ಪಾಲಿಗೆ 0.1 ಪಾಲು ಓಜೋನ್, ಅದೇ ಅಮೆರಿಕದಲ್ಲಿನ ಮಿತಿ. ಸೋರುವ ಯಂತ್ರವನ್ನು ಮುಚ್ಚಿದ ಕೋಣೆಯಲ್ಲಿ ಇಡುವಂತಿಲ್ಲ.

ಇದಕ್ಕಿಂತ ಗಟ್ಟಿ ಆಕ್ಷೇಪ ಬೇರೆ. ಓಜೋನ್ ಸಿಪ್ಪೆ ದಾಟುವುದಿಲ್ಲ. ಹೂವಿನ ಹಂತದಲ್ಲೇ ಒಳಹೊಕ್ಕ ಶಿಲೀಂಧ್ರದಿಂದ ಕಾಳು ಕಪ್ಪಾದ ದಾಳಿಂಬೆಗೆ ಅದು ಏನೂ ಮಾಡದು. ಜೊತೆಗೆ ಹಣ್ಣು ಕೊಯ್ದ ಮೇಲೂ ಉಸಿರಾಡುತ್ತದೆ: ಪೊಟ್ಟಣಕ್ಕೆ ತೂತಿದ್ದರೆ ಓಜೋನ್ ಸೋರುತ್ತದೆ, ತೂತಿಲ್ಲದಿದ್ದರೆ ಹಣ್ಣು ಬೆವರುತ್ತದೆ. ಹಾಗಾಗಿ ಒಳ್ಳೆಯ ಹಣ್ಣನ್ನು ಆರಿಸಿ, ನೆರಳಲ್ಲಿ ಆರಿಸಿದವರ ಕೈಯಲ್ಲೇ ಈ ಯಂತ್ರವೂ ಇರಬೇಕು ಎನ್ನುತ್ತೇನೆ. ಮಾರುಕಟ್ಟೆಯಲ್ಲಿ ಕೊನೆಗೆ ಕೊಂಡವನ ಕೈಯಲ್ಲಲ್ಲ, ಅವನಿಗೆ ಅದು ಹಳೆ ಹಣ್ಣಿಗೆ ಹೊಸ ವೇಷ. ಒಬ್ಬೊಬ್ಬ ರೈತ ಕೊಳ್ಳಲಾರ, ನಿಜ. ಅಡಿಕೆಗೆ ಚನ್ನಗಿರಿಯಲ್ಲಿ ತುಮ್ಕೋಸ್ ಸಹಕಾರ ಸಂಘ ಇದ್ದಂತೆ ಹಣ್ಣಿಗೂ ಒಂದು ಸಹಕಾರಿ ಕೊಠಡಿ ಬೇಕು. ಓಜೋನ್ ಇಳಿದ ಮೇಲೆ ಪೊಟ್ಟಣಕ್ಕೆ ಸೂಜಿ ತೂತು ಹಾಕುವ ಕೆಲಸವೂ ಅಲ್ಲೇ ಆಗಬೇಕು.