ಮನೆಯಲ್ಲಿರುವ ಹಿರಿಯರು ಮತ್ತು ನಮ್ಮ ಕೈಗೆಲಸ



ನಮ್ಮ ಅಕ್ಕಲಕೋಟ ಸೀಮೆಯ ಊರುಗಳಲ್ಲಿ ಮಕ್ಕಳು ನೌಕರಿ, ವ್ಯಾಪಾರಕ್ಕೆಂದು ಸೋಲಾಪುರ, ಪುಣೆ ಸೇರುತ್ತಾರೆ. ಅವ್ವ, ಅಪ್ಪ ಹೊಲಮನೆ ಬಿಟ್ಟು ಹೋಗಲೊಲ್ಲರು. ತಿಂಗಳಿಗೆ ರೊಕ್ಕ ಕಳಿಸುವ ಮಕ್ಕಳು ಬಹಳ ಮಂದಿ ಇದ್ದಾರೆ; ಮನೆಯ ಮೆಟ್ಟಿಲು, ಬಚ್ಚಲುಗಳನ್ನು ಹಿರಿಯರ ಕಣ್ಣಿನಿಂದ ನೋಡಿದವರು ಕಡಿಮೆ. ಬಣ್ಣ, ಬಡಗಿತನ, ಹೊಲಿಗೆ ಇವು ಬರಿಯ ಅಲಂಕಾರವಲ್ಲ, ಮುಪ್ಪಿನಲ್ಲಿ ಊರುಗೋಲಿನಷ್ಟೇ ಉಪಯೋಗಿ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇಪ್ಪತ್ತರ ಕಣ್ಣಿಗಿಂತ ಅರವತ್ತರ ಕಣ್ಣಿಗೆ ಸುಮಾರು ಮೂರು ಪಟ್ಟು ಬೆಳಕು ಬೇಕಾಗುತ್ತದೆ. ನಮ್ಮ ಮಾಳಿಗೆ ಮನೆಗಳಲ್ಲಾದರೋ ಬೆಳಕಿಂಡಿಯ ಬೆಳಕೇ ಹೆಚ್ಚು. ನೆಲಕ್ಕೂ ಮೆಟ್ಟಿಲಿಗೂ ಒಂದೇ ಶಹಾಬಾದ ಫರಸಿ ಹಾಸಿದರೆ ಮುದುಕರ ಕಣ್ಣಿಗೆ ಮೆಟ್ಟಿಲಿನ ಅಂಚೇ ತೋರದು. ಆ ಅಂಚಿಗೆ ನಾಲ್ಕು ಬೆರಳಗಲ ಬಿಳಿ ಬಣ್ಣದ ಪಟ್ಟಿ ಎಳೆಯಿರಿ. ಕೆಮ್ಮಣ್ಣು ಸಾರಿಸಿ ಸುಣ್ಣದ ಗೆರೆ ಹೊಡೆಯುತ್ತಿದ್ದ ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆಯೇನಲ್ಲ. ರಂಗೋಲಿಯನ್ನು ಮಾತ್ರ ನಡೆದಾಡುವ ದಾರಿ ಬಿಟ್ಟು ಪಕ್ಕಕ್ಕೆ ಹಾಕುವುದು ಲೇಸು. ನುಣುಪಾದ ಫರಸಿಯ ಮೇಲೆ ಆ ಪುಡಿ ಕಾಲು ಜಾರಿಸುತ್ತದೆ. ಬಚ್ಚಲಿನ ಗೋಡೆಗೆ ಒಂದು ಗಟ್ಟಿ ಹಿಡಿಕೆ ಇರಲೇಬೇಕು.

1990ರಲ್ಲಿ ಅಮೆರಿಕದ ಸ್ಯಾಮ್ ಫಾರ್ಬರ್ ಎಂಬ ವ್ಯಾಪಾರಿ ದಪ್ಪ, ಮೆತ್ತನೆಯ ಹಿಡಿಯ ಅಡುಗೆ ಸಾಮಾನುಗಳನ್ನು ಮಾರುಕಟ್ಟೆಗೆ ತಂದರು. ಸಂಧಿವಾತದಿಂದ ಪತ್ನಿ ಕಾಯಿಪಲ್ಲೆ ಹೆರೆಯಲು ಪಡುತ್ತಿದ್ದ ಕಷ್ಟವೇ ಅದಕ್ಕೆ ಕಾರಣ. ನಾವು ಸವುಟಿನ ಹಿಡಿಗೆ ಹಳೆ ಬಟ್ಟೆ ಬಿಗಿದು ಸುತ್ತಿದರೂ ಅದೇ ಕೆಲಸವಾದೀತು.

ಇಷ್ಟಲಿಂಗ ಪೂಜೆಯ ಮಾತು ಬೇರೆ. ಮೊಣಕಾಲು ಮಡಚಲಾರದೆ, ಎಡಗೈ ನಡುಗಿ, ಪೂಜೆಯನ್ನೇ ಮೊಟಕು ಮಾಡಿ ಒಳಗೊಳಗೇ ಕೊರಗುವ ಹಿರಿಯರಿದ್ದಾರೆ. ಕುರ್ಚಿಯ ಮೇಲೆ ಕುಳಿತರೆ ಪೂಜೆಗೆ ಊನವೆಂದು ನಾವು ತಿಳಿಯುವುದಿಲ್ಲ. ಪಾದ ನೆಲಕ್ಕೆ ಸಮನಾಗಿ ಊರುವಷ್ಟು ಎತ್ತರದ ಕುರ್ಚಿ, ಎದುರಿಗೆ ಮೊಣಕೈ ಊರಲು ಒಂದು ಮೇಜು ಇಷ್ಟನ್ನು ಬಡಗಿಯಿಂದ ಮಾಡಿಸಿರಿ. ಅಂಗೈಯ ಲಿಂಗ ಅಲುಗದಂತೆ ನಿಂತರೆ ನಿರೀಕ್ಷಣೆಯೂ ನಿಲ್ಲುತ್ತದೆ. ಅಳತೆಯನ್ನು ಮಾತ್ರ ಆ ಹಿರಿಯರನ್ನೇ ಕೂಡಿಸಿ ತೆಗೆದುಕೊಳ್ಳಬೇಕು.

ಇನ್ನು ಕೌದಿ. ಅವ್ವನ ಕೈಯ ಕೌದಿ ಇಲ್ಲದ ಮನೆ ನಮ್ಮಲ್ಲಿ ಯಾವುದಿತ್ತು? ಈಗ ಸೋಲಾಪುರದ ಚಾದರ ಕೈಗೆ ಸಿಗುತ್ತದೆಂದು ಅವಳ ಸೂಜಿಯನ್ನು ನಾವೇ ಕಸಿದಿದ್ದೇವೆ. "ಸುಮ್ಮನೆ ಕೂಡವ್ವಾ" ಎಂಬುದು ಪ್ರೀತಿಯ ಮಾತಾದರೂ ಕಾಯಕ ತಪ್ಪಿಸುವ ಮಾತು. ನೂಲುವ ಕದಿರ ರೆಮ್ಮವ್ವೆಯನ್ನು ಶರಣೆಯೆಂದು ನೆನೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೌದಿಯಲ್ಲಿ ಅಪ್ಪನ ಧೋತರ, ಮಗಳ ಕುಪ್ಪಸ, ಮೊಮ್ಮಗನ ಅಂಗಿ ಎಲ್ಲವೂ ಇರುತ್ತವೆ. ಮರೆವು ಹತ್ತಿದವರು ಸಹ ಆ ತುಂಡನ್ನು ಮುಟ್ಟಿ ಹಳೆಯ ಮಾತು ತೆಗೆಯುವುದುಂಟು. ಅದನ್ನು ಅರಳುಮರಳೆಂದು ತಳ್ಳಬಾರದು. ಹಿರಿಯರು ಕಳೆದ ಬಾಳನ್ನು ಮೆಲುಕು ಹಾಕುವುದು ಸಹಜ, ಹಿತಕರವೂ ಆಗಬಲ್ಲದು ಎಂದು ವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿಯೇ ಬರೆದರು.

ದೊಡ್ಡ ಕಣ್ಣಿನ ಸೂಜಿ, ದಪ್ಪ ದಾರ ಕೊಡಿರಿ. ಹಗಲು ಬೆಳಕಿರುವ ಪಡಸಾಲೆಯಲ್ಲಿ ಕೂಡಿಸಿರಿ. ದಾರ ಪೋಣಿಸಲು ಮೊಮ್ಮಗಳು ಬಳಿಯಲ್ಲಿದ್ದು, "ಆಯಿ, ಇದು ಯಾರ ಸೀರೆ?" ಎಂದು ಕೇಳಲಿ. ಬಟ್ಟೆ ಅಂಗಡಿಯ ಭಕ್ತರು ಉಳಿದ ತುಂಡುಗಳನ್ನು ಗೋದಾಮಿನಲ್ಲಿ ಇಲಿಗೆ ಹಾಕುವ ಬದಲು ಇಂಥ ಮನೆಗಳಿಗೆ ಮುಟ್ಟಿಸಬಹುದು. ಹತ್ತಿಯದೇ ಇರಲಿ, ನೈಲಾನು ಮುದಿ ಬೆರಳುಗಳಲ್ಲಿ ಜಾರುತ್ತದೆ.