‘ಲಾಭ’ ಎಂದರೆ ಒಂದು

ಅಭ್ಯಾಸ ಬೋಧನೆಯ ಮೂರನೆಯ ವಾರ ಏಳನೆಯ ತರಗತಿಗೆ ಪದಪರಿಚಯದ ಪಾಠ ಮಾಡಿದೆ. ಪದ ‘ಲಾಭ’. ಪಾಠ ಯೋಜನೆಯಲ್ಲಿ ಅರ್ಥವನ್ನು ಒಂದೇ ಸಾಲಿನಲ್ಲಿ ಬರೆದುಕೊಂಡಿದ್ದೆ: ಕೊಂಡ ಬೆಲೆಗಿಂತ ಮಾರಿದ ಬೆಲೆ ಹೆಚ್ಚಾದಾಗ ಉಳಿಯುವ ಹಣ, ವಿರುದ್ಧ ಪದ, ನಷ್ಟ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ.

ಪೀಠಿಕೆಯಲ್ಲಿ, ‘ಈ ಪದವನ್ನು ಎಲ್ಲಿ ಕೇಳಿದ್ದೀರಿ?’ ಎಂದು ಪ್ರಶ್ನಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಲಾಭ ಅಂದ್ರೆ ಒಂದು ಸಾರ್’ ಎಂದ. ತರಗತಿ ನಕ್ಕಿತು. ‘ತಪ್ಪು, ಕೂತ್ಕೋ’ ಎಂದೆ. ಅವಧಿ ಮುಗಿಯುವವರೆಗೂ ಅವನು ಮತ್ತೆ ಕೈ ಎತ್ತಲಿಲ್ಲ.

ಪಾಠ ವೀಕ್ಷಿಸುತ್ತಿದ್ದ ನಮ್ಮ ಅಧ್ಯಾಪಕರು ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಕಣದಲ್ಲಿ ರಾಗಿ ಅಳೆಯೋದು ನೋಡಿದ್ದೀರಾ?’ ನಾನು ನೋಡಿರಲಿಲ್ಲ. ನಮ್ಮ ಮನೆಗೆ ಧಾನ್ಯ ಬರುತ್ತಿದ್ದುದು ಅಂಗಡಿಯಿಂದ, ಕಿಲೋ ಲೆಕ್ಕದಲ್ಲಿ. ಅಳೆಯುವವರು ಮೊದಲನೆಯ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ, ನಂತರ ಎರಡು, ಮೂರು. ಎಣಿಕೆ ಶುಭದ ಮಾತಿನಿಂದ ಶುರುವಾಗಲಿ ಎಂದು. ಹುಡುಗ ಸರಿಯಾಗಿಯೇ ಹೇಳಿದ್ದ.

ಮರುದಿನ ತಪ್ಪು ನನ್ನದೆಂದು ತರಗತಿಯಲ್ಲಿ ಹೇಳಿ, ಅವನ ಕೈಗೇ ಒಂದು ಸೇರು ಕೊಟ್ಟು ಅಕ್ಕಿ ಅಳೆಯಿಸಿ ಪಾಠ ಆರಂಭಿಸಿದೆ. ‘ಲಾಭ’ ಬಂದಿರುವುದು ಸಂಸ್ಕೃತದ ‘ಲಭ್’ ಧಾತುವಿನಿಂದ, ಅರ್ಥ, ಪಡೆಯುವುದು. ಮೂಲದಲ್ಲಿ ಹಣದ ಮಾತೇ ಇಲ್ಲ. ಲಭ್ಯ, ಲಭಿಸು, ಸುಲಭ, ದುರ್ಲಭ ಎಲ್ಲವೂ ಅದೇ ಮನೆಯವು. ‘ಅತ್ತರೇನು ಲಾಭ?’ ಎನ್ನುವಾಗ ಯಾರೂ ರೂಪಾಯಿ ಎಣಿಸುವುದಿಲ್ಲ. ಒಂದು ದೀರ್ಘದಿಂದ ‘ದುರ್ಲಭ’ ‘ದುರ್ಲಾಭ’ವಾಗುತ್ತದೆ: ಮೊದಲನೆಯದು ಸಿಗುವುದು ಕಷ್ಟ, ಎರಡನೆಯದು ಸಿಕ್ಕಿದ್ದನ್ನು ಕೆಟ್ಟದ್ದಕ್ಕೆ ಬಳಸುವುದು. ಇವೆರಡನ್ನು ವಾಕ್ಯದಲ್ಲಿ ಬಳಸಿ ತೋರಿಸದಿದ್ದರೆ ಮಕ್ಕಳು ಖಂಡಿತ ಗೊಂದಲಕ್ಕೆ ಬೀಳುತ್ತಾರೆ. (ನಮ್ಮಲ್ಲೂ ಇಬ್ಬರು ಬಿದ್ದರು.)

ಹೆಚ್ಚು ಹೊತ್ತು ಹಿಡಿದದ್ದು ಆದಾಯಕ್ಕೂ ಲಾಭಕ್ಕೂ ಇರುವ ವ್ಯತ್ಯಾಸ. ಹೂ ಮಾರುವವರ ಮಗಳೊಬ್ಬಳು, ‘ನಿನ್ನೆ ನಮ್ಮಮ್ಮಂಗೆ 800 ರೂಪಾಯಿ ಲಾಭ’ ಎಂದಳು. ಕಪ್ಪು ಹಲಗೆಯ ಮೇಲೆ ಅವಳಿಂದಲೇ ಲೆಕ್ಕ ಬರೆಸಿದೆ. ಹೂವಿಗೆ 550, ದಾರ ಮತ್ತು ಬಸ್ಸಿಗೆ 60. ಉಳಿದದ್ದು 190. ‘ಇದು ಲಾಭ, 800 ವ್ಯಾಪಾರದಿಂದ ಬಂದ ಹಣ’ ಎಂದೆ.

ಅವಳು ಸೀಮೆಸುಣ್ಣ ಕೆಳಗಿಡಲಿಲ್ಲ. ‘ಅಮ್ಮ ರಾತ್ರಿಯೆಲ್ಲ ಕೂತು ಕಟ್ಟಿದ್ಕೆ ಕೂಲಿ ಎಲ್ಲಿ ಬರೀಲಿ ಸಾರ್?’ ಎಂದಳು. ಗಂಟೆ ಬಾರಿಸಿತು. ಆ ಸಾಲನ್ನು ಖಾಲಿ ಬಿಡಿಸಿ, ನಾಳಿನ ಪಾಠ ಯೋಜನೆಯ ಮೊದಲ ಪ್ರಶ್ನೆಯಾಗಿ ಬರೆದುಕೊಂಡೆ.