ಹಲವರ ಕೈ, ಒಂದೇ ಕೀಬೋರ್ಡ್

ಕಂಪ್ಯೂಟರ್ ಮುಂದೆ ಅಕ್ಷರ ಒತ್ತುವ ಹಲಗೆ ಇರುತ್ತದಲ್ಲ, ಅದೇ ಕೀಬೋರ್ಡ್. ಕನ್ನಡದಲ್ಲಿ ಕೀಲಿಮಣೆ ಅಂತಾರೆ. ಅದರ ಮೇಲೆ ನೂರರಷ್ಟು ಸಣ್ಣ ಗುಂಡಿಗಳು ಇರುತ್ತವೆ. ಒಂದೊಂದು ಗುಂಡಿಯೂ ಒಂದು ಕೀ.

ಆಂಧ್ರದಲ್ಲಿ 2011ರಲ್ಲಿ ಮೀ ಸೇವಾ ಕೇಂದ್ರಗಳು ಶುರುವಾದವು. 2019ರಲ್ಲಿ ಗ್ರಾಮ ಸಚಿವಾಲಯಗಳು ಬಂದವು. ಆಗಿನಿಂದ ರೊದ್ದಂ ಸುತ್ತಿನ ಹಳ್ಳಿಗಳ ಜನಕ್ಕೂ ಕಂಪ್ಯೂಟರ್ ಹತ್ತಿರವಾಯಿತು. ಪಿಂಚಣಿ, ಪಹಣಿ, ಜಾತಿ ಪತ್ರ, ಎಲ್ಲ ಅದರಲ್ಲೇ. ಕಚೇರಿಯ ಒಂದು ಕೀಬೋರ್ಡನ್ನು ಬೆಳಿಗ್ಗೆ ಒಬ್ಬರು ಒತ್ತುತ್ತಾರೆ. ಮಧ್ಯಾಹ್ನ ಇನ್ನೊಬ್ಬರು. ನೋಟು ಎಣಿಸಿದ ಕೈ, ಕಡಲೆಕಾಯಿ ಸುಲಿದ ಕೈ, ಕೆಮ್ಮಿದಾಗ ಬಾಯಿಗೆ ಹಿಡಿದ ಕೈ, ಎಲ್ಲವೂ ಅದರ ಮೇಲೇ. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಕಿಟಕಿ ತೆರೆದರೆ ಸಾಕು, ಧೂಳು ಒಳಗೆ ಬರುತ್ತದೆ.

2008ರಲ್ಲಿ ಲಂಡನ್ನಿನ ಒಂದು ಪತ್ರಿಕೆಯವರು ಕಚೇರಿಯ 33 ಕೀಬೋರ್ಡುಗಳನ್ನು ಪರೀಕ್ಷೆ ಮಾಡಿಸಿದರು. ಒಂದರ ಮೇಲೆ ಕಕ್ಕಸಿನ ಸೀಟಿಗಿಂತ ಐದು ಪಟ್ಟು ಹೆಚ್ಚು ರೋಗಾಣು ಇತ್ತಂತೆ. ಎಲ್ಲವೂ ಅಷ್ಟು ಕೊಳಕಾಗಿರಲಿಲ್ಲ, ಹೆದರಬೇಡಿ. ಆದರೆ ಆ ಕೈಯಲ್ಲೇ ಬೋಂಡ ತಿನ್ನಬೇಡಿ. ಸೋಪು ಹಚ್ಚಿ ತೊಳೆದುಕೊಂಡು ತಿನ್ನಿ.

ಕೊಳೆಯಿಂದ ಇನ್ನೊಂದು ನಷ್ಟವೂ ಇದೆ. ಅಜ್ಜಿಯೊಬ್ಬರು ಪಿಂಚಣಿಗೆ ಅರ್ಜಿ ಹಾಕಲು ಬಂದರು ಅನ್ನಿ. ಕಂಪ್ಯೂಟರ್ ಹುಡುಗಿ ಫೋನ್ ನಂಬರ್ ಕೇಳುತ್ತಾಳೆ. ನಂಬರ್ 1234567890 ಅಂತ ಇಟ್ಟುಕೊಳ್ಳಿ. ಚಹಾ ಬಿದ್ದು 3ರ ಕೀ ಅಂಟಿಕೊಂಡಿದೆ. ಒಂದು ಸಲ ಒತ್ತಿದರೆ ಎರಡು ಸಲ ಮೂಡುತ್ತದೆ. ಆ ಮನೆಯಲ್ಲಿ ಹತ್ತೇ ಅಂಕಿಗೆ ಜಾಗ. ಕೊನೆಯ ಸೊನ್ನೆ ಹಿಡಿಸುವುದಿಲ್ಲ. 1233456789 ಅಂತ ಆಗುತ್ತದೆ. ಲೆಕ್ಕಕ್ಕೆ ಹತ್ತು ಅಂಕಿ ಸರಿಯಾಗೇ ಇವೆ! ಆದರೆ ಮೆಸೇಜು ಬೇರೆ ಯಾರದೋ ಫೋನಿಗೆ ಹೋಗುತ್ತದೆ.

"ತಡಿಯಮ್ಮ, ಒಂದ್ಸಲ ನಾನೂ ಓದ್ತೀನಿ."

"ನಿಮಗೆ ಓದೋಕೆ ಬರುತ್ತಾ ಅಜ್ಜಿ?"

"ಈಗ ಬರುತ್ತೆ. ನೋಡು, ಇಲ್ಲಿ ಮೂರು ಎರಡು ಸಲ ಬಿದ್ದೈತೆ."

ನೀವೂ ಹೀಗೆ ಕೇಳಿ. ನಾಚಿಕೆ ಬೇಡ.

ಇನ್ನು ಸ್ವಚ್ಛ ಮಾಡುವುದು ಹೇಗೆ? ಮೊದಲು ಕಂಪ್ಯೂಟರ್ ಆಫ್ ಮಾಡಬೇಕು. ಕೀಬೋರ್ಡಿನ ವೈರ್ ಕಳಚಬೇಕು. ಆಮೇಲೆ ಹಲಗೆಯನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಬೇಕು. ಬಿಸ್ಕತ್ತಿನ ಚೂರು, ಕೂದಲು, ಕಡಲೆಕಾಯಿ ಸಿಪ್ಪೆ ಎಲ್ಲ ಉದುರುತ್ತವೆ. ಕೀಗಳ ಸಂದಿನ ಧೂಳಿಗೆ ಮೆತ್ತನೆಯ ಬಣ್ಣದ ಬ್ರಷ್ ಸಾಕು. ಬಾಯಿಂದ ಊದಬೇಡಿ, ಎಂಜಲು ಬೀಳುತ್ತದೆ. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಮೇಲೆ ಮೇಲೆ ಒರೆಸಿ. ಬಟ್ಟೆಯಿಂದ ಒಂದು ಹನಿಯೂ ತೊಟ್ಟಿಕ್ಕಬಾರದು. ಪೂರ್ತಿ ಒಣಗಿದ ಮೇಲೆ ವೈರ್ ಹಾಕಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಒಳ್ಳೆಯದು.

ನೆಲ ಒರೆಸುವ ಬಟ್ಟೆಯನ್ನೇ ಕೀಬೋರ್ಡಿಗೂ ಹಾಕುವುದು ಸರಿಯಲ್ಲ. ಕಸ ಗುಡಿಸುವ ಅಕ್ಕನ ಮೇಲೆ ಈ ಕೆಲಸ ಹೊರಿಸುವುದೂ ಸರಿಯಲ್ಲ. ಯಾರು ಒತ್ತುತ್ತಾರೋ ಅವರೇ ಒರೆಸಲಿ.

ಚಹಾ ಚೆಲ್ಲಿದರೆ? ತಕ್ಷಣ ಕಂಪ್ಯೂಟರ್ ಆಫ್ ಮಾಡಿ, ವೈರ್ ಕಳಚಿ. ಹಲಗೆಯನ್ನು ಬೋರಲು ಹಾಕಿ. ಒಂದು ದಿನವಾದರೂ ಒಣಗಲು ಬಿಡಿ. ಒಲೆಯ ಹತ್ತಿರ ಇಡಬೇಡಿ, ಪ್ಲಾಸ್ಟಿಕ್ ಬಾಗುತ್ತದೆ. ಲ್ಯಾಪ್‌ಟಾಪ್ ಆದರೆ ರಿಪೇರಿಯವರಿಗೆ ತೋರಿಸಿ. ಅದರಲ್ಲಿ ಕೀಲಿಮಣೆಯ ಕೆಳಗೇ ಯಂತ್ರ ಇರುತ್ತದೆ.

ಓದಿ, ತಪ್ಪು ಹುಡುಕಿ:

ಸರಿ ನಂಬರ್: 1234567890

ಮೂಡಿದ್ದು: 1234556789

ಯಾವ ಕೀ ಅಂಟಿಕೊಂಡಿದೆ? ಯಾವ ಅಂಕಿ ಬಿಟ್ಟುಹೋಗಿದೆ?